ಕಣ್ಣಿನ ಚಲನೆ ನೋಡಿ ಮಿದುಳಿನ ತೊಂದರೆ ಗುರುತಿಸುವುದು: ಹಾಸಿಗೆ ಪಕ್ಕದ ಪರೀಕ್ಷೆ, ಹಂತ ಹಂತವಾಗಿ

"ಕಣ್ಣಿನ ಚಲನೆ ಪೂರ್ಣ, ಎರಡೂ ಕಡೆ ಸರಿ" ಎಂದು ಕೇಸ್ ಶೀಟಿನಲ್ಲಿ ಒಂದು ಸಾಲು ಗೀಚಿ ಮುಂದಿನ ಹಾಸಿಗೆಗೆ ಹೋಗುವುದು ರೂಢಿಯಾಗಿಬಿಟ್ಟಿದೆ. ಬೆರಳನ್ನು ಎಚ್ ಆಕಾರದಲ್ಲಿ ಆಡಿಸಿ, ಕಣ್ಣು ಆ ತುದಿಯಿಂದ ಈ ತುದಿಗೆ ಹೋಯಿತೇ ಎಂದಷ್ಟೇ ನೋಡಿದರೆ ಗೊತ್ತಾಗುವುದು ಸ್ನಾಯುಗಳ ಮತ್ತು ಅವಕ್ಕೆ ಹೋಗುವ 3, 4, 6ನೇ ನರಗಳ ಸ್ಥಿತಿ. ಆ ನರಗಳಿಗೆ ಅಪ್ಪಣೆ ಕೊಡುವ ಮಿದುಳಿನ ಭಾಗಗಳು ಹೇಗಿವೆ ಎಂಬುದು ಹಾಗೇ ಉಳಿದುಹೋಗುತ್ತದೆ. ಪಿಎಸ್‌ಪಿ (ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ, ಪಾರ್ಕಿನ್‌ಸನ್ಸ್‌ನಂತೆ ಕಾಣುವ, ಕಣ್ಣಿನ ಚಲನೆ ಕೆಡಿಸುವ ಮಿದುಳಿನ ಕಾಯಿಲೆ) ರೋಗಿಯನ್ನು ಪಾರ್ಕಿನ್‌ಸನ್ಸ್ ಎಂದುಕೊಳ್ಳುವುದು, ಕಿರುಮಿದುಳಿನ ಪಾರ್ಶ್ವವಾಯುವನ್ನು ಕಿವಿಯ ತಲೆಸುತ್ತು ಎಂದು ಮಾತ್ರೆ ಕೊಟ್ಟು ಮನೆಗೆ ಕಳಿಸುವುದು, ಎರಡಕ್ಕೂ ಬೇರು ಆ ಒಂದು ಸಾಲಿನಲ್ಲೇ ಇರುತ್ತದೆ.

ಕಣ್ಣು ಎಷ್ಟು ದೂರ ಹೋಯಿತು ಎಂಬುದರ ಜೊತೆಗೆ ಎಷ್ಟು ಬೇಗ ಹೊರಟಿತು, ಎಷ್ಟು ವೇಗವಾಗಿ ಹೋಯಿತು, ಗುರಿಗೆ ಸರಿಯಾಗಿ ಮುಟ್ಟಿತೇ, ಮುಟ್ಟಿದ ಮೇಲೆ ನಿಂತಿತೇ ಎಂದು ನೋಡಬೇಕು. ಒಂದೊಂದು ಬಗೆಯ ಚಲನೆಗೂ ಮಿದುಳಿನಲ್ಲಿ ಬೇರೆ ಬೇರೆ ಜಾಲವಿದೆ. ಹಾಗಾಗಿ ಅವನ್ನು ಒಂದರೊಳಗೊಂದು ಕಲಸದೆ ಬಿಡಿಬಿಡಿಯಾಗಿ ಪರೀಕ್ಷಿಸಬೇಕು.

ಇದನ್ನು ಹೌಸ್ ಸರ್ಜನ್‌ಗಳು, ಪಿಜಿಗಳು, ಫಿಸಿಯೋಥೆರಪಿ ಮತ್ತು ಆಪ್ಟೊಮೆಟ್ರಿ ವಿದ್ಯಾರ್ಥಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ರೋಗಿಯ ಮನೆಯವರು ಓದುತ್ತಿದ್ದರೆ ನೇರವಾಗಿ "ತಡ ಮಾಡಬಾರದ ಲಕ್ಷಣಗಳು" ಭಾಗಕ್ಕೆ ಹೋಗಿ. ಮನೆಯಲ್ಲಿ ತಲೆ ತಿರುಗಿಸುವ ಪರೀಕ್ಷೆಗಳನ್ನು ಮಾಡಲು ಹೋಗಬೇಡಿ.

## ಬೇಕಾಗುವ ಸಾಮಾನು

ಎರಡು ಪೆನ್ನು, ಬೇರೆ ಬೇರೆ ಬಣ್ಣದ ಮುಚ್ಚಳ ಇರುವಂಥವು. ಐಸ್‌ಕ್ರೀಮ್ ಕಡ್ಡಿಗೆ ಸ್ಟಿಕ್ಕರ್ ಬಿಂದಿ ಅಂಟಿಸಿಕೊಂಡರೂ ಸಾಕು, ಗುರಿ ಸಣ್ಣದಾಗಿ ಸ್ಪಷ್ಟವಾಗಿರುತ್ತದೆ. ಬೆರಳ ತುದಿ ಅಗಲವಾದ್ದರಿಂದ ಕಣ್ಣು ಅದರ ಮೇಲೆ ಎಲ್ಲಿ ನಿಂತರೂ ಸರಿಯಾಗಿ ನಿಂತಂತೆಯೇ ಕಾಣುತ್ತದೆ. ಒಂದು ಟಾರ್ಚು, ಕಣ್ಣು ಮುಚ್ಚಲು ದಪ್ಪ ರಟ್ಟು, ಟೈಲರ್ ಅಂಗಡಿಯ ಅಳತೆ ಟೇಪು, ನಿಧಾನಗತಿಯಲ್ಲಿ ವಿಡಿಯೋ ತೆಗೆಯುವ ಮೊಬೈಲು.

ದೂರದ ಲೆಕ್ಕ ಒಂದು ನೆನಪಿಡಿ. ಕಣ್ಣಿನಿಂದ 57 ಸೆಂ.ಮೀ. ದೂರದಲ್ಲಿ 1 ಸೆಂ.ಮೀ. ಎಂದರೆ ಸರಿಸುಮಾರು 1 ಡಿಗ್ರಿ. ಆ ದೂರದಲ್ಲಿ ಕೂತು, ಮೂಗಿನ ನೇರದಿಂದ 20 ಸೆಂ.ಮೀ. ಪಕ್ಕಕ್ಕೆ ಪೆನ್ನು ಹಿಡಿದರೆ ಹೆಚ್ಚುಕಡಿಮೆ 20 ಡಿಗ್ರಿ ಆಯಿತು.

## ಹಂತ 1: ಮುಟ್ಟುವ ಮೊದಲು ಕೇಳಿ

ಯಾವ ಮಾತ್ರೆ ನಡೆಯುತ್ತಿದೆ ಎಂದು ಕೇಳದೆ ಕಣ್ಣು ನೋಡಬೇಡಿ. ಫಿನಿಟಾಯಿನ್, ಕಾರ್ಬಮಜೆಪಿನ್ ತೆಗೆದುಕೊಳ್ಳುವವರಲ್ಲಿ ಪಕ್ಕಕ್ಕೆ ನೋಡಿದಾಗ ಕಣ್ಣು ಕುಣಿಯಬಹುದು. ನಿದ್ದೆ ಮಾತ್ರೆ ಸಕಾಡುಗಳನ್ನು, ಅಂದರೆ ಕಣ್ಣು ಒಂದು ಗುರಿಯಿಂದ ಇನ್ನೊಂದಕ್ಕೆ ಥಟ್ಟನೆ ಹಾರುವುದನ್ನು, ನಿಧಾನ ಮಾಡುತ್ತದೆ. ಲಿಥಿಯಂನಿಂದ ಕಣ್ಣು ಕೆಳಮುಖವಾಗಿ ಜಿಗಿಯುವ ನಿಸ್ಟ್ಯಾಗ್ಮಸ್ (ಕಣ್ಣು ತಾನಾಗಿ ಮತ್ತೆ ಮತ್ತೆ ಕುಣಿಯುವುದು) ಬರಬಹುದು. ಕುಡಿತದ ಅಭ್ಯಾಸ, ಚಿಕ್ಕಂದಿನ ಮೆಳ್ಳೆಗಣ್ಣು, ಕಣ್ಣಿನ ಆಪರೇಷನ್, ಒಂದು ಕಣ್ಣಲ್ಲಿ ದೃಷ್ಟಿ ಕಡಿಮೆ ಇರುವುದು, ಇವೆಲ್ಲ ಮೊದಲೇ ಗೊತ್ತಿರಬೇಕು.

ಎರಡೆರಡು ಕಾಣುತ್ತದೆ ಎಂದರೆ, ಒಂದು ಕಣ್ಣು ಮುಚ್ಚಿದಾಗಲೂ ಹಾಗೇ ಕಾಣುತ್ತದೆಯೇ ಎಂದು ಕೇಳಿ. ಒಂದೇ ಕಣ್ಣಲ್ಲೂ ಎರಡು ಕಂಡರೆ ತೊಂದರೆ ಸಾಮಾನ್ಯವಾಗಿ ಕಣ್ಣಿನ ಒಳಗೇ, ಲೆನ್ಸು ಅಥವಾ ಕಾರ್ನಿಯಾದಲ್ಲಿ ಇರುತ್ತದೆ. ಸಂಜೆ ಹೊತ್ತಿಗೆ ಹೆಚ್ಚು, ಬೆಳಗ್ಗೆ ಕಡಿಮೆ ಎಂದರೆ ಮಯಸ್ತೇನಿಯಾ (ಬಳಸಿದಷ್ಟೂ ಸ್ನಾಯು ಸೋಲುವ ಕಾಯಿಲೆ) ಮನಸ್ಸಿನಲ್ಲಿರಲಿ.

ಪರೀಕ್ಷೆಯ ಕ್ರಮವನ್ನು ಬದಲಿಸಬೇಡಿ. ರೋಗಿಯ ಗಮನ ಮತ್ತು ಸಹಕಾರ ಬೇಕಾದವು ಮೊದಲು, ತಲೆ ತಿರುಗಿಸುವಂಥವು ಕೊನೆಗೆ. ಮೊದಲೇ ತಲೆ ಅಲ್ಲಾಡಿಸಿ ವಾಂತಿ ತರಿಸಿದರೆ ಆಮೇಲೆ ಆತ ಕಣ್ಣೇ ಬಿಡುವುದಿಲ್ಲ.

## ಹಂತ 2: ಸುಮ್ಮನೆ ನೇರ ನೋಡಿಸಿ

ದೂರದ ಗೋಡೆಯ ಮೇಲಿನ ಒಂದು ಚುಕ್ಕೆಯನ್ನು ನೋಡಲು ಹೇಳಿ. ಏನೂ ಮಾಡಿಸದೆ ಅರ್ಧ ನಿಮಿಷ ನೀವು ಕಣ್ಣನ್ನೇ ನೋಡಿ. ಬಹಳ ಮಂದಿ ಬಿಟ್ಟುಬಿಡುವ ಹಂತ ಇದು.

ಕಣ್ಣು ಸಣ್ಣಗೆ ಪಕ್ಕಕ್ಕೆ ಜಿಗಿದು, ಒಂದು ಕ್ಷಣ ನಿಂತು, ಮತ್ತೆ ಜಾಗಕ್ಕೆ ಬರುತ್ತಿದ್ದರೆ ಅದು ಸ್ಕ್ವೇರ್ ವೇವ್ ಜರ್ಕ್. ಆಗೊಂದು ಈಗೊಂದು ಬಂದರೆ ತಲೆ ಕೆಡಿಸಿಕೊಳ್ಳಬೇಕಿಲ್ಲ, ವಯಸ್ಸಾದವರಲ್ಲಿ ಅದು ಸಾಮಾನ್ಯ. ಎಡೆಬಿಡದೆ ಬರುತ್ತಿದ್ದರೆ ಪಿಎಸ್‌ಪಿ ಅಥವಾ ಕಿರುಮಿದುಳಿನ ಕಾಯಿಲೆಯ ಕಡೆ ಬೊಟ್ಟು ಮಾಡುತ್ತದೆ. ಮಗುವಿನ ಎರಡೂ ಕಣ್ಣು ದಿಕ್ಕುದೆಸೆಯಿಲ್ಲದೆ ಪಟಪಟನೆ ಹಾರಾಡುತ್ತಿದ್ದರೆ ಅದು ಆಪ್ಸೋಕ್ಲೋನಸ್. ಹೊಟ್ಟೆಯಲ್ಲೋ ಎದೆಯಲ್ಲೋ ನ್ಯೂರೋಬ್ಲಾಸ್ಟೋಮಾ ಗಡ್ಡೆ ಇದೆಯೇ ಎಂದು ಹುಡುಕಲೇಬೇಕು.

## ಹಂತ 3: ಪಕ್ಕಕ್ಕೆ ನೋಡಿ ನಿಲ್ಲಿಸಿಕೊಳ್ಳುವುದು

ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಸುಮಾರು 30 ಡಿಗ್ರಿಯಷ್ಟು ನೋಡಿಸಿ, ಪ್ರತಿ ದಿಕ್ಕಿನಲ್ಲೂ ಹತ್ತು ಸೆಕೆಂಡ್ ಹಿಡಿದು ನಿಲ್ಲಿಸಿ. ಇಲ್ಲಿ ನಡೆಯುವ ದೊಡ್ಡ ತಪ್ಪು ಪೆನ್ನನ್ನು ಕಿವಿಯವರೆಗೂ ಒಯ್ಯುವುದು. ಕಣ್ಣಿನ ಕಟ್ಟಕಡೆಗೆ ನೋಡಿಸಿದರೆ ಆರೋಗ್ಯವಂತರಲ್ಲೂ ಕೆಲವು ಜಿಗಿತ ಬರುತ್ತದೆ. ಅದನ್ನೇ ರೋಗ ಎಂದು ಬರೆದವರಿದ್ದಾರೆ.

ನಿಸ್ಟ್ಯಾಗ್ಮಸ್ ಕಂಡರೆ ವೇಗದ ಜಿಗಿತ ಯಾವ ಕಡೆಗೆ ಎಂದು ಬರೆದಿಡಿ. ಬಲಕ್ಕೆ ನೋಡಿದಾಗ ಬಲಕ್ಕೆ, ಎಡಕ್ಕೆ ನೋಡಿದಾಗ ಎಡಕ್ಕೆ ಹೀಗೆ ದಿಕ್ಕು ಬದಲಾದರೆ ಮಿದುಳಿನ ಒಳಗಿನ ಕಾರಣ ಹುಡುಕಿ, ಮಾತ್ರೆಗಳ ಪಟ್ಟಿ ಇನ್ನೊಮ್ಮೆ ನೋಡಿ. ಎಲ್ಲಿ ನೋಡಿದರೂ ಒಂದೇ ಕಡೆಗೆ ಜಿಗಿಯುತ್ತ, ಆ ಕಡೆಗೆ ನೋಡಿದಾಗ ಜೋರಾಗುತ್ತಿದ್ದರೆ ಒಳಗಿವಿಯ ಕಡೆ ವಾಲಬಹುದು, ಆದರೆ ತೀರ್ಮಾನ ಹಂತ 8ರ ತನಕ ಕಾಯಲಿ. ನೆಟ್ಟಗೆ ಕೆಳಕ್ಕೆ ಜಿಗಿಯುವುದು ಕಿರುಮಿದುಳು ಅಥವಾ ತಲೆಬುರುಡೆ-ಕುತ್ತಿಗೆ ಸೇರುವ ಜಾಗದ ತೊಂದರೆಯ ಗುರುತು.

## ಹಂತ 4: ಗುರಿಯನ್ನು ಹಿಂಬಾಲಿಸುವುದು

ಪೆನ್ನನ್ನು ನಿಧಾನಕ್ಕೆ ಸರಿಸಿ, ಸೆಕೆಂಡಿಗೆ 10ರಿಂದ 20 ಡಿಗ್ರಿ. ಜೋರಾಗಿ ಸರಿಸಿದರೆ ಎಂಥವರ ಕಣ್ಣೂ ತುಂಡುತುಂಡಾಗಿಯೇ ಹಿಂಬಾಲಿಸುತ್ತದೆ. ವಯಸ್ಸು, ದಣಿವು, ಮಾತ್ರೆ, ಗಮನವಿಲ್ಲದಿರುವುದು, ಎಲ್ಲವೂ ಹೀಗೆ ಹಿಂಬಾಲಿಸುವುದನ್ನು, ಅಂದರೆ ಪರ್ಸ್ಯೂಟನ್ನು, ಕೆಡಿಸುತ್ತವೆ. ಅದಕ್ಕೇ ಇದೊಂದರ ಮೇಲೆ ಹೆಚ್ಚು ಭಾರ ಹಾಕಬೇಡಿ. ಒಂದೇ ಕಡೆಗೆ ಕೆಟ್ಟಿದ್ದರೆ ಮಾತ್ರ ಬೆಲೆ ಜಾಸ್ತಿ.

## ಹಂತ 5: ಸಕಾಡ್, ಈ ಪರೀಕ್ಷೆಯ ಜೀವಾಳ

ಒಂದು ಗುರಿಯಿಂದ ಇನ್ನೊಂದಕ್ಕೆ ಕಣ್ಣು ಥಟ್ಟನೆ ಹಾರುವುದೇ ಸಕಾಡ್. ಗುರಿ ಕಂಡ ಮೇಲೆ ಹೊರಡಲು ಸುಮಾರು 200 ಮಿಲಿಸೆಕೆಂಡ್ ಬೇಕು. ಹಾರುವಾಗಿನ ವೇಗ ಸೆಕೆಂಡಿಗೆ ನೂರಾರು ಡಿಗ್ರಿ. ಸರಿಯಿರುವ ಸಕಾಡಿನ ದಾರಿ ನಿಮ್ಮ ಕಣ್ಣಿಗೆ ಕಾಣುವುದಿಲ್ಲ, ಹೊರಟದ್ದು ಮತ್ತು ಮುಟ್ಟಿದ್ದು ಮಾತ್ರ ಕಾಣುತ್ತದೆ. ಕಣ್ಣುಗುಡ್ಡೆ ದಾರಿಯಲ್ಲಿ ಸಾಗುತ್ತಿರುವುದು ನಿಮಗೆ ಕಾಣಿಸುತ್ತಿದೆ ಎಂದರೆ ಆ ಸಕಾಡ್ ನಿಧಾನವಾಗಿದೆ.

ಹಿಡಿಯುವ ಬಗೆ. ಒಂದು ಪೆನ್ನು ನಿಮ್ಮ ಮೂಗಿನ ಹತ್ತಿರ, ಇನ್ನೊಂದು 20 ಡಿಗ್ರಿ ಪಕ್ಕಕ್ಕೆ. ಪೆನ್ನುಗಳನ್ನು ಅಲ್ಲಾಡಿಸಬೇಡಿ. ಅಲ್ಲಾಡಿಸಿದರೆ ಅದು ಪರ್ಸ್ಯೂಟ್ ಪರೀಕ್ಷೆಯಾಗುತ್ತದೆ. ಮಾತಿನಲ್ಲೇ ಹೇಳಿ: "ಯಜಮಾನ್ರೇ, ತಲೆ ಆಡಿಸ್ಬೇಡಿ, ಕಣ್ಣು ಮಾತ್ರ. ಕೆಂಪು ನೋಡಿ. ನೀಲಿ. ಕೆಂಪು." ಒಂದೇ ತಾಳದಲ್ಲಿ ಹೇಳಿದರೆ ರೋಗಿ ಮೊದಲೇ ಊಹಿಸಿ ಹೊರಡುತ್ತಾನೆ. ಮಧ್ಯೆ ಬಿಡುವು ಹೆಚ್ಚು ಕಡಿಮೆ ಮಾಡಿ.

ಮೇಲೆ-ಕೆಳಗೆ ಕಡ್ಡಾಯ. ಎಡ-ಬಲ ನೋಡಿ ಮುಗಿಸಿಬಿಡುವವರೇ ಹೆಚ್ಚು. ಅಡ್ಡ (ಎಡ-ಬಲ) ಸಕಾಡಿನ ಯಂತ್ರ ಮಿದುಳುಕಾಂಡದ ಪಾನ್ಸ್ ಎಂಬ ಭಾಗದಲ್ಲಿದೆ, ಲಂಬ (ಮೇಲೆ-ಕೆಳಗೆ) ಸಕಾಡಿನದು ಅದರ ಮೇಲಿರುವ ಮಧ್ಯಮಿದುಳಿನಲ್ಲಿ. ಒಂದು ಕೆಟ್ಟು ಇನ್ನೊಂದು ಚೆನ್ನಾಗಿರಬಹುದು. ಕೆಳಗೆ ನೋಡಿಸುವಾಗ ರೆಪ್ಪೆ ಇಳಿದು ಎಲ್ಲವನ್ನೂ ಮುಚ್ಚಿಬಿಡುತ್ತದೆ. ಎಡಗೈಯ ಹೆಬ್ಬೆರಳಿನಿಂದ ಎರಡೂ ರೆಪ್ಪೆಗಳನ್ನು ಒಂದೊಂದಾಗಿ ಮೆಲ್ಲಗೆ ಎತ್ತಿ ಹಿಡಿದು ನೋಡಿ. ಈ ಒಂದು ಕೆಲಸ ಮಾಡದೆ ಎಷ್ಟೋ ಪಿಎಸ್‌ಪಿ ಕೈತಪ್ಪಿದೆ.

ನಾಲ್ಕು ಪ್ರಶ್ನೆ. ಪ್ರತಿ ದಿಕ್ಕಿನಲ್ಲೂ ಇವಕ್ಕೆ ಉತ್ತರ ಸಿಗಬೇಕು.

ಹೊರಡಲು ತಡವೇ? ಹಂಟಿಂಗ್ಟನ್ ಕಾಯಿಲೆಯವರು ಕಣ್ಣು ಮಿಟುಕಿಸಿಯೋ ತಲೆ ಜಗ್ಗಿಯೋ ಸಕಾಡನ್ನು ಹೊರಡಿಸುತ್ತಾರೆ. ತಲೆಯನ್ನು ಹಿಡಿದರೆ ಕಣ್ಣು ಹೊರಡುವುದು ಇನ್ನೂ ಕಷ್ಟ.

ವೇಗ ಕಡಿಮೆಯೇ? ಲಂಬ ಸಕಾಡ್ ಅಡ್ಡ ಸಕಾಡಿಗಿಂತ ನಿಧಾನವಾದರೆ ಪಿಎಸ್‌ಪಿ. ಕಣ್ಣು ಇನ್ನೂ ಪೂರ್ತಿ ಕೆಳಗೆ ಹೋಗುತ್ತಿರುವಾಗಲೇ ವೇಗ ಕುಂದಿರುತ್ತದೆ. 2017ರ ರೋಗನಿರ್ಣಯ ಮಾನದಂಡಗಳು ಲಂಬ ಸಕಾಡಿನ ನಿಧಾನವನ್ನು ಪ್ರತ್ಯೇಕ ಲಕ್ಷಣವಾಗಿಯೇ ಪಟ್ಟಿ ಮಾಡಿವೆ. ಎಳೆಯರಲ್ಲಿ ಇದೇ ಕಂಡರೆ ನೀಮನ್-ಪಿಕ್ ಸಿ ಇರಬಹುದೇ ಎಂದು ಕೇಳಿಕೊಳ್ಳಿ, ಅಡ್ಡ ಸಕಾಡ್ ನಿಧಾನವಾದರೆ ಗೋಶೆ ಕಾಯಿಲೆಯ 3ನೇ ಬಗೆ; ಎರಡೂ ವಂಶವಾಹಿ ಕಾಯಿಲೆಗಳು. ನಡಿಗೆ ತೂರಾಡುವ ರೋಗಿಯ ಮನೆಯಲ್ಲಿ ತಂದೆಗೋ ಸೋದರತ್ತೆಗೋ ಅದೇ ತೊಂದರೆ ಇದ್ದು, ಅಡ್ಡ ಸಕಾಡ್ ತೆವಳುತ್ತಿದ್ದರೆ ಎಸ್‌ಸಿಎ 2 (ಸ್ಪೈನೋಸೆರೆಬೆಲ್ಲರ್ ಅಟಾಕ್ಸಿಯಾ 2, ತೂರಾಟ ತರುವ ವಂಶವಾಹಿ ಕಾಯಿಲೆ) ಮೊದಲು ನೆನಪಾಗಬೇಕು. ಇದು ನಮ್ಮ ದೇಶದವರಿಗೆ ದೂರದ ವಿಷಯವಲ್ಲ. 1971ರಲ್ಲಿ ಮುಂಬೈಯ ನರವೈದ್ಯ ನೋಶಿರ್ ವಾಡಿಯಾ ಭಾರತದ ಒಂಬತ್ತು ಕುಟುಂಬಗಳಲ್ಲಿ ಈ ನಿಧಾನಗಣ್ಣಿನ ಅಟಾಕ್ಸಿಯಾವನ್ನು ವರ್ಣಿಸಿದ್ದರು.

ಗುರಿ ತಪ್ಪುತ್ತದೆಯೇ? ಗುರಿಗಿಂತ ಮೊದಲೇ ನಿಂತು, ಎರಡು ಮೂರು ಸಣ್ಣ ಹೆಜ್ಜೆಯಲ್ಲಿ ಮುಟ್ಟಿದರೆ ಪಾರ್ಕಿನ್‌ಸನ್ಸ್‌ಗೆ ಒಪ್ಪುತ್ತದೆ. ಅದರಲ್ಲಿ ಪ್ರತಿ ಹೆಜ್ಜೆಯ ವೇಗ ಸರಿಯಿರುತ್ತದೆ. ಪಿಎಸ್‌ಪಿಗೂ ಇದಕ್ಕೂ ಇರುವ ವ್ಯತ್ಯಾಸವೇ ಅದು. ಗುರಿ ದಾಟಿ ಹೋಗಿ ಮತ್ತೆ ಹಿಂದಕ್ಕೆ ಬಂದರೆ ಕಿರುಮಿದುಳು.

ಎರಡೂ ಕಣ್ಣು ಜೊತೆಯಲ್ಲಿ ಮುಟ್ಟಿದವೇ? ಬಲಕ್ಕೆ ಹಾರುವಾಗ ಎಡಗಣ್ಣು ಮೂಗಿನ ಕಡೆಗೆ ಹಿಂದುಳಿದು ಬಂದು, ಬಲಗಣ್ಣು ಆ ತುದಿಯಲ್ಲಿ ಜಿಗಿಯುತ್ತಿದ್ದರೆ ಎಡಭಾಗದ ಐಎನ್‌ಒ (ಇಂಟರ್‌ನ್ಯೂಕ್ಲಿಯರ್ ಆಫ್ತಾಲ್ಮೋಪ್ಲೀಜಿಯಾ). 3 ಮತ್ತು 6ನೇ ನರಗಳ ಕೇಂದ್ರಗಳನ್ನು ಜೋಡಿಸುವ ತಂತುವಿಗೆ ಪೆಟ್ಟು ಬಿದ್ದಿದೆ ಎಂದರ್ಥ. ಚಿಕ್ಕ ವಯಸ್ಸಿನವರಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್, ವಯಸ್ಸಾದವರಲ್ಲಿ ಪಾರ್ಶ್ವವಾಯು ಮೊದಲ ಸಂಶಯ. ನಿಧಾನಕ್ಕೆ ಬೆರಳು ಹಿಂಬಾಲಿಸಿದಾಗ ಈ ಹಿಂದುಳಿಯುವಿಕೆ ಮರೆಯಾಗಿ, ದೊಡ್ಡ ಸಕಾಡಿನಲ್ಲಿ ಮಾತ್ರ ಬಯಲಾಗಬಹುದು. ನೋಡುವಾಗ ಎರಡು ಕಣ್ಣುಗಳ ನಡುವೆ, ಮೂಗಿನ ಸೇತುವೆಯ ಮೇಲೆ ನಿಮ್ಮ ದೃಷ್ಟಿ ಇರಲಿ.

ಲಂಬ ಸಕಾಡಿನ ಬಗ್ಗೆ ಸಂಶಯ ಉಳಿದರೆ ಟೈಲರ್ ಟೇಪು ತೆಗೆಯಿರಿ. ಅಂಕಿಗಳನ್ನು ನೋಡಲು ಹೇಳಿ ಟೇಪನ್ನು ಕೆಳಕ್ಕೆ ಸರಿಸುತ್ತ ಹೋಗಿ. ಕಣ್ಣು ನಿಧಾನಕ್ಕೆ ಕೆಳಗಿಳಿದು ಮತ್ತೆ ಮತ್ತೆ ಮೇಲಕ್ಕೆ ಜಿಗಿಯಬೇಕು. ಕೆಳಗೆ ಇಳಿದು ಅಲ್ಲೇ ಸಿಕ್ಕಿಕೊಂಡರೆ ಮೇಲ್ಮುಖ ಸಕಾಡ್ ಸೋತಿದೆ. ಟೇಪನ್ನು ಮೇಲಕ್ಕೆ ಸರಿಸಿ ಕೆಳಮುಖವನ್ನೂ ನೋಡಿ.

## ಹಂತ 6: ಎದುರು ದಿಕ್ಕಿಗೆ ನೋಡಿಸುವ ಆಂಟಿಸಕಾಡ್

ಎರಡೂ ಕೈ ಅಗಲಿಸಿ ಹಿಡಿಯಿರಿ. ಯಾವ ಕೈಯ ಬೆರಳು ಅಲ್ಲಾಡುತ್ತದೋ ಅದರ ಎದುರಿನ ಕೈ ನೋಡಬೇಕು ಎಂದು ಹೇಳಿ. ಮೊದಲು ಎರಡು ಮೂರು ಬಾರಿ ಅಭ್ಯಾಸ ಮಾಡಿಸಿ, ಆಮೇಲೆ ಹತ್ತು ಬಾರಿ ಲೆಕ್ಕಕ್ಕೆ ತೆಗೆದುಕೊಳ್ಳಿ. ಅಲ್ಲಾಡಿದ ಕಡೆಗೆ ತಾನಾಗಿ ಹೋಗುವ ಕಣ್ಣನ್ನು ತಡೆಯುವುದು ಮಿದುಳಿನ ಮುಂಭಾಗದ ಕೆಲಸ.

ಆರೋಗ್ಯವಂತರೂ ಒಂದೆರಡು ಸಲ ತಪ್ಪುತ್ತಾರೆ, ತಪ್ಪಿದ್ದನ್ನು ಕೂಡಲೇ ತಿದ್ದಿಕೊಳ್ಳುತ್ತಾರೆ. ತಪ್ಪುಗಳ ಸಂಖ್ಯೆಗಿಂತ ಈ ತಿದ್ದುಪಡಿಯನ್ನು ನಾನು ಹೆಚ್ಚು ಗಮನಿಸುತ್ತೇನೆ. ತಿದ್ದಿಕೊಂಡರೆ ಸೂಚನೆ ಅರ್ಥವಾಗಿದೆ, ತಡೆಯುವ ಶಕ್ತಿ ಮಾತ್ರ ಕುಂದಿದೆ. ಮತ್ತೆ ಮತ್ತೆ ತಪ್ಪಿ ತಿದ್ದಿಕೊಳ್ಳದೇ ಇದ್ದರೆ ನೀವು ಹೇಳಿದ್ದು ಅರ್ಥವಾಗಿಲ್ಲ, ಇಲ್ಲವೇ ನೆನಪು-ಗಮನದ ತೊಂದರೆ ಆಳವಾಗಿದೆ. ಸೂಚನೆಯನ್ನು ರೋಗಿಯ ಮನೆಮಾತಿನಲ್ಲೇ ಹೇಳಿ. ತುಳುವಿನ ಅಜ್ಜಿಗೆ ಅವಸರದ ಕನ್ನಡದಲ್ಲಿ ಹೇಳಿ, ಆಕೆಯ ಮಿದುಳಿನ ಮುಂಭಾಗ ಕೆಟ್ಟಿದೆ ಎನ್ನುವುದು ಅನ್ಯಾಯ.

ಇದೊಂದರಿಂದ ಯಾವ ಕಾಯಿಲೆಗೂ ಹೆಸರಿಡಲಾಗದು. ಆಲ್ಜೈಮರ್ಸ್, ಪಾರ್ಕಿನ್‌ಸನ್ಸ್, ಹಂಟಿಂಗ್ಟನ್, ಸ್ಕಿಜೋಫ್ರೇನಿಯಾ ಎಲ್ಲದರಲ್ಲೂ ತಪ್ಪು ಹೆಚ್ಚುತ್ತದೆ. ಐ ಟ್ರ್ಯಾಕರ್ ಇರುವ ಲ್ಯಾಬಿನಲ್ಲಿ ಸಂಶೋಧನೆ ಮಾಡುವವರು ತಮ್ಮದೇ ವಿಧಾನ ಹೊಸೆಯುವ ಬದಲು 2013ರ ಅಂತರರಾಷ್ಟ್ರೀಯ ವಿಧಾನ ಹಿಡಿಯಲಿ: ಮೊದಲು 60 ಸಾಮಾನ್ಯ ಸಕಾಡ್, ನಡುವೆ 40ರಂತೆ ಮೂರು ಸುತ್ತು ಆಂಟಿಸಕಾಡ್, ಕೊನೆಗೆ ಮತ್ತೆ 60 ಸಾಮಾನ್ಯ. ಆಗ ಬೇರೆ ಊರಿನ ಅಂಕಿಗಳೊಂದಿಗೆ ಹೋಲಿಸಬಹುದು.

## ಹಂತ 7: ತಲೆ ತಿರುಗಿಸಿ ನೋಡುವುದು, ನಿಧಾನಕ್ಕೆ

ಕಣ್ಣು ತಾನಾಗಿ ಕೆಳಗೆ ಹೋಗುತ್ತಿಲ್ಲ ಎಂದಾದರೆ ಮಾತ್ರ ಇದು ಬೇಕು. ಗುರಿಯನ್ನು ನೋಡುತ್ತಿರಲು ಹೇಳಿ, ತಲೆಯನ್ನು ಮೆಲ್ಲಗೆ ಹಿಂದಕ್ಕೆ ಬಾಗಿಸಿ. ಈಗ ಕಣ್ಣು ಕೆಳಗೆ ಹೋಯಿತೇ? ಹೋದರೆ ನರ, ಸ್ನಾಯು ಚೆನ್ನಾಗಿವೆ, ಅವಕ್ಕಿಂತ ಮೇಲಿನ ಅಪ್ಪಣೆ ಬರುತ್ತಿಲ್ಲ. ಆಗಲೂ ಹೋಗದಿದ್ದರೆ ತೊಂದರೆ ನರದ ಕೇಂದ್ರದಲ್ಲೋ ನರದಲ್ಲೋ ಸ್ನಾಯುವಿನಲ್ಲೋ ಇದೆ.

## ಹಂತ 8: ತಲೆಸುತ್ತು ನಿಲ್ಲದೆ ಇರುವವರಿಗೆ ಹಿಂಟ್ಸ್

ಹಿಂಟ್ಸ್ ಎಂದರೆ ಮೂರು ಪರೀಕ್ಷೆಗಳ ಗುಚ್ಛ: ಹೆಡ್ ಇಂಪಲ್ಸ್ (ತಲೆಯನ್ನು ಥಟ್ಟನೆ ತಿರುಗಿಸಿ ಕಣ್ಣು ನೋಡುವುದು), ನಿಸ್ಟ್ಯಾಗ್ಮಸ್, ಸ್ಕ್ಯೂ (ಒಂದು ಕಣ್ಣು ಇನ್ನೊಂದಕ್ಕಿಂತ ಮೇಲೆ-ಕೆಳಗೆ ಇರುವುದು). ಇಲ್ಲಿ ಆಗುವ ತಪ್ಪಿಗೆ ಬೆಲೆ ಜಾಸ್ತಿ, ಅದಕ್ಕೇ ಸ್ವಲ್ಪ ಹೆಚ್ಚು ಹೇಳುತ್ತೇನೆ.

ಯಾರಿಗೆ ಮಾಡಬೇಕು. ಗಂಟೆಗಟ್ಟಲೆ ಬಿಡದೆ ತಲೆಸುತ್ತು ಇದ್ದು, ನೀವು ಪರೀಕ್ಷಿಸುವ ಹೊತ್ತಿಗೂ ನಿಸ್ಟ್ಯಾಗ್ಮಸ್ ಇರುವವರಿಗೆ ಮಾತ್ರ. ಮಗ್ಗಲು ಬದಲಿಸಿದಾಗ ಕೆಲವು ಸೆಕೆಂಡ್ ಲೋಕ ಗಿರ್ರೆಂದು ನಿಲ್ಲುವವರಿಗೆ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ (ಕೂತವರ ತಲೆಯನ್ನು ಪಕ್ಕಕ್ಕೆ ತಿರುಗಿಸಿ, ಬೇಗ ಮಲಗಿಸಿ ಕಣ್ಣು ನೋಡುವುದು) ಬೇಕು. ಅವರಿಗೆ ಹಿಂಟ್ಸ್ ಮಾಡಿದರೆ ಹೆಡ್ ಇಂಪಲ್ಸ್ ಸರಿಯಾಗಿಯೇ ಬರುತ್ತದೆ. ಈ ಪರೀಕ್ಷೆಯಲ್ಲಿ "ಸರಿ" ಎಂದರೆ ಮಿದುಳಿನ ಪಾರ್ಶ್ವವಾಯುವಿನ ಸಂಶಯವಾದ್ದರಿಂದ ವೃಥಾ ಗಾಬರಿಯಾಗುತ್ತದೆ.

ಯಾರಿಗೆ ಮಾಡಬಾರದು. ಕುತ್ತಿಗೆಗೆ ಪೆಟ್ಟಾದವರು, ತಲೆಸುತ್ತಿನ ಜೊತೆ ಹೊಸದಾಗಿ ಕುತ್ತಿಗೆ ನೋವು ಬಂದವರು, ಕುತ್ತಿಗೆ ಮೂಳೆ ತೀರಾ ಸವೆದವರು. ಕುತ್ತಿಗೆಯ ರಕ್ತನಾಳ ಸೀಳಿರುವ ಸಾಧ್ಯತೆ ಇದ್ದಾಗ ತಲೆಯನ್ನು ಝಾಡಿಸುವುದು ಅಪಾಯ.

ಹೆಡ್ ಇಂಪಲ್ಸ್. ಕನ್ನಡಕ ತೆಗೆಸಿ. ಎರಡೂ ಕೈಯಲ್ಲಿ ತಲೆ ಹಿಡಿದು, "ನನ್ನ ಮೂಗನ್ನೇ ನೋಡ್ತಾ ಇರಿ, ಕುತ್ತಿಗೆ ಸಡಿಲ ಬಿಡಿ" ಎನ್ನಿ. ತಲೆಯನ್ನು 10ರಿಂದ 15 ಡಿಗ್ರಿ ಪಕ್ಕಕ್ಕೆ ಮೆಲ್ಲಗೆ ಒಯ್ದು, ಅಲ್ಲಿಂದ ಮಧ್ಯಕ್ಕೆ ಥಟ್ಟನೆ ತಿರುಗಿಸಿ ನಿಲ್ಲಿಸಿ. ದೂರ ಕಡಿಮೆ, ವೇಗ ಹೆಚ್ಚು. ನಿಧಾನಕ್ಕೆ ತಿರುಗಿಸಿದರೆ ಬೇರೆ ಜಾಲಗಳು ಸಹಾಯಕ್ಕೆ ಬಂದು ಕಿವಿಯ ದೋಷವನ್ನು ಮುಚ್ಚಿಹಾಕುತ್ತವೆ. ಯಾವ ಕಡೆಗೆ, ಯಾವಾಗ ಎಂದು ರೋಗಿಗೆ ಗೊತ್ತಾಗಬಾರದು. ಕಣ್ಣು ನಿಮ್ಮ ಮೂಗಿನ ಮೇಲೇ ನಿಂತರೆ ಸರಿ. ತಲೆಯ ಜೊತೆ ಜಾರಿ ಹೋಗಿ ಆಮೇಲೆ ಸರಕ್ಕನೆ ಮೂಗಿಗೆ ಮರಳಿದರೆ, ತಲೆ ಯಾವ ಕಡೆಗೆ ತಿರುಗಿತೋ ಆ ಕಡೆಯ ಒಳಗಿವಿ ದುರ್ಬಲ. ಮೊದಲು ನಿಮ್ಮ ಬ್ಯಾಚಿನವರ ಮೇಲೆ ಅಭ್ಯಾಸ ಮಾಡಿ, ಸರಿಯಿರುವುದು ಹೇಗೆ ಕಾಣುತ್ತದೆ ಎಂಬುದು ಕಣ್ಣಿಗೆ ಕೂರಲಿ.

ನಿಸ್ಟ್ಯಾಗ್ಮಸ್. ಹಂತ 3ರಲ್ಲಿ ಬರೆದದ್ದನ್ನು ಇಲ್ಲಿ ತನ್ನಿ.

ಸ್ಕ್ಯೂ. ಮೂಗು ನೋಡುತ್ತಿರಲು ಹೇಳಿ ರಟ್ಟನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ಸರಿಸುತ್ತಿರಿ. ಆಗತಾನೆ ತೆರೆದ ಕಣ್ಣು ಮೇಲಕ್ಕೋ ಕೆಳಕ್ಕೋ ಸರಿದು ಕೂತರೆ ಸ್ಕ್ಯೂ ಇದೆ. ಪಕ್ಕಕ್ಕೆ ಸರಿದರೆ ಅದು ಹಳೆಯ ಮೆಳ್ಳೆಗಣ್ಣು ಇರಬಹುದು, ಈ ಲೆಕ್ಕಕ್ಕೆ ಬೇಡ.

ಎಡ ಒಳಗಿವಿಯ ನರದ ಉರಿಯೂತದಲ್ಲಿ ಎಡಕ್ಕೆ ತಿರುಗಿಸಿದಾಗ ಇಂಪಲ್ಸ್ ಕೆಟ್ಟಿರುತ್ತದೆ, ನಿಸ್ಟ್ಯಾಗ್ಮಸ್ ಸದಾ ಬಲಕ್ಕೇ ಜಿಗಿಯುತ್ತದೆ, ಸ್ಕ್ಯೂ ಇರುವುದಿಲ್ಲ. ಮೂರೂ ಹೀಗೇ ಕೂಡಿಬಂದರೆ ಕಿವಿ. ಇಂಪಲ್ಸ್ ಎರಡೂ ಕಡೆ ಸರಿಯಿದೆ, ಅಥವಾ ನಿಸ್ಟ್ಯಾಗ್ಮಸ್ ದಿಕ್ಕು ಬದಲಿಸುತ್ತದೆ, ಅಥವಾ ಸ್ಕ್ಯೂ ಇದೆ, ಇವುಗಳಲ್ಲಿ ಒಂದು ಕಂಡರೂ ಪಾರ್ಶ್ವವಾಯು ಎಂದೇ ನಡೆದುಕೊಳ್ಳಿ. ಜೊತೆಗೆ ಹೊಸದಾಗಿ ಕಿವಿ ಕೇಳದಂತಾಗಿದ್ದರೆ, ಕಿವಿಯದೇ ಕಾಯಿಲೆ ಎಂದು ನಿರಾಳವಾಗಬೇಡಿ. ಒಳಗಿವಿಗೂ ಮಿದುಳಿಗೂ ರಕ್ತ ಕೊಡುವ ನಾಳ ಕಟ್ಟಿದಾಗಲೂ ಹಾಗಾಗುತ್ತದೆ.

"ಎಂಆರ್‌ಐ ನಾರ್ಮಲ್ ಇದೆ" ಎಂಬ ಮಾತಿಗೆ ಶರಣಾಗಬೇಡಿ. 2009ರಲ್ಲಿ ಪ್ರಕಟವಾದ 101 ರೋಗಿಗಳ ಅಧ್ಯಯನದಲ್ಲಿ ಹಿಂಟ್ಸ್ ಪಾರ್ಶ್ವವಾಯುವಿನ ಒಂದು ಕೇಸನ್ನೂ ಬಿಡಲಿಲ್ಲ. ಮೊದಲ 48 ಗಂಟೆಯೊಳಗೆ ತೆಗೆದ ಎಂಆರ್‌ಐ ಕೆಲವನ್ನು ಬಿಟ್ಟಿತ್ತು. ಆದರೆ ಆ ಪರೀಕ್ಷೆ ಮಾಡಿದ್ದು ಪಳಗಿದ ಕೈ. ಕೈ ಕೂರದವರು ಮಾಡಿದಾಗ ಅಷ್ಟು ನಿಖರತೆ ಸಿಗುವುದಿಲ್ಲ. ಸಂಶಯವಿದ್ದರೆ ನರರೋಗ ತಜ್ಞರಿಗೆ ತೋರಿಸಿ.

## ಹಂತ 9: ವಿಡಿಯೋ ತೆಗೆದಿಡಿ

20 ಡಿಗ್ರಿಯ ಸಕಾಡಿಗೆ ಸುಮಾರು 65 ಮಿಲಿಸೆಕೆಂಡ್ ಹಿಡಿಯುತ್ತದೆ. ಸೆಕೆಂಡಿಗೆ 30 ಫ್ರೇಮಿನ ಮಾಮೂಲಿ ವಿಡಿಯೋದಲ್ಲಿ ಅದು ಎರಡು ಫ್ರೇಮಿಗೆ ಮುಗಿದುಹೋಗುತ್ತದೆ. 240 ಫ್ರೇಮಿನ ಸ್ಲೋ ಮೋಷನ್‌ನಲ್ಲಿ ಹದಿನೈದರಷ್ಟು ಸಿಗುತ್ತವೆ. ಆಗ ನಿಧಾನದ ಸಕಾಡ್ ಯಾವುದು, ಹೆಜ್ಜೆಹೆಜ್ಜೆಯಾಗಿ ಹೋದದ್ದು ಯಾವುದು ಎಂದು ಬಿಡಿಸಿ ನೋಡಬಹುದು. ಫೋನನ್ನು ಯಾರಾದರೂ ಅಲ್ಲಾಡದಂತೆ ಹಿಡಿಯಲಿ, ಬೆಳಕು ಪಕ್ಕದಿಂದ ಬರಲಿ. ರೋಗಿಯ ಒಪ್ಪಿಗೆ ಪಡೆಯಿರಿ, ಕಣ್ಣಿನ ಪಟ್ಟಿಯಷ್ಟೇ ಚೌಕಟ್ಟಿನಲ್ಲಿರಲಿ, ವಾಟ್ಸಾಪ್ ಗುಂಪಿಗೆ ಹಾಕಬೇಡಿ.

## ತಡ ಮಾಡಬಾರದ ಲಕ್ಷಣಗಳು

ಇವುಗಳಲ್ಲಿ ಯಾವುದು ಕಂಡರೂ ಅದೇ ಗಳಿಗೆಯಲ್ಲಿ ದೊಡ್ಡ ಆಸ್ಪತ್ರೆ.

ನಿಲ್ಲದ ತಲೆಸುತ್ತಿನ ಜೊತೆ ಮಾತು ತೊದಲುವುದು, ಎರಡೆರಡು ಕಾಣುವುದು, ನುಂಗಲಾಗದಿರುವುದು, ಆಧಾರವಿಲ್ಲದೆ ಕೂರಲಾಗದಿರುವುದು, ಮುಖ ಅಥವಾ ಕೈಕಾಲು ಮರಗಟ್ಟುವುದು.

ಒಂದು ರೆಪ್ಪೆ ಇಳಿಬಿದ್ದು, ಆ ಕಣ್ಣಿನ ಪಾಪೆ ಹಿಗ್ಗಿ, ತಲೆನೋವು. ಮಿದುಳಿನ ರಕ್ತನಾಳ ಉಬ್ಬಿ 3ನೇ ನರವನ್ನು ಒತ್ತುತ್ತಿರಬಹುದು.

ಊಟ ಬಿಟ್ಟು ಕುಡಿಯುತ್ತಿದ್ದವರಲ್ಲಿ, ಬಸುರಿನಲ್ಲಿ ವಾರಗಟ್ಟಲೆ ವಾಂತಿಯಾಗುತ್ತಿರುವವರಲ್ಲಿ ಕಣ್ಣು ಕುಣಿಯುವುದು ಅಥವಾ ಪಕ್ಕಕ್ಕೆ ತಿರುಗದಿರುವುದು, ತೂರಾಟ, ಗೊಂದಲ. ಇದು ವರ್ನಿಕೆ, ಥಯಾಮಿನ್ (ಬಿ1 ವಿಟಮಿನ್) ಕೊರತೆಯಿಂದ ಮಿದುಳಿಗೆ ಆಗುವ ತೊಂದರೆ. ಮೂರೂ ಒಟ್ಟಿಗೆ ಇರಲೇಬೇಕೆಂದಿಲ್ಲ. ಸ್ಕ್ಯಾನಿಗೆ ಕಾಯದೆ ರಕ್ತನಾಳದ ಮೂಲಕ ಥಯಾಮಿನ್ ಕೊಡಬೇಕು. ಗ್ಲೂಕೋಸ್ ಬಾಟಲಿ ಏರಿಸುವ ಮೊದಲೇ ಅಥವಾ ಅದರ ಜೊತೆಯಲ್ಲೇ ಅದು ಹೋಗಲಿ.

## ಬರೆಯುವುದು ಹೇಗೆ

"ಚಲನೆ ಪೂರ್ಣ" ಎಂಬ ಸಾಲಿನ ಬದಲು ಹೀಗೆ ಬರೆಯಿರಿ: "ನೇರ ನೋಟದಲ್ಲಿ ಸ್ಕ್ವೇರ್ ವೇವ್ ಜರ್ಕ್ ಹೆಚ್ಚು. ಪಕ್ಕದ ನೋಟದಲ್ಲಿ ನಿಸ್ಟ್ಯಾಗ್ಮಸ್ ಇಲ್ಲ. ಅಡ್ಡ ಸಕಾಡಿನ ವೇಗ ಸರಿ. ಕೆಳಮುಖ ಸಕಾಡ್ ನಿಧಾನ, ಆದರೆ ಕೊನೆಯವರೆಗೆ ಮುಟ್ಟುತ್ತದೆ. ಎರಡೂ ಕಣ್ಣು ಜೊತೆಯಲ್ಲಿವೆ. ಆಂಟಿಸಕಾಡ್ ಹತ್ತರಲ್ಲಿ ಆರು ತಪ್ಪು, ಆರನ್ನೂ ತಿದ್ದಿಕೊಂಡರು. ಮಾತ್ರೆ: ಲೆವೊಡೋಪಾ ಮಾತ್ರ."

ಇಷ್ಟಿದ್ದರೆ ಮೂರು ತಿಂಗಳ ನಂತರ ಬೇರೆ ವೈದ್ಯರು ನೋಡಿದಾಗಲೂ ಕಾಯಿಲೆ ಎತ್ತ ಸಾಗಿದೆ ಎಂದು ತಿಳಿಯುತ್ತದೆ. ತಲೆಸುತ್ತಿನ ರೋಗಿಯಾದರೆ ಪರೀಕ್ಷಿಸಿದ ಗಂಟೆಯನ್ನೂ ಬರೆಯಿರಿ, ಡ್ಯೂಟಿ ಬದಲಾಗುವ ಮೊದಲು ಇನ್ನೊಮ್ಮೆ ನೋಡಿ, ಏನಾದರೂ ಬದಲಾಗಿದ್ದರೆ ಮುಂದಿನ ಡ್ಯೂಟಿಯವರಿಗೆ ರೋಗಿಯ ಹಾಸಿಗೆಯ ಪಕ್ಕದಲ್ಲೇ ನಿಂತು ತೋರಿಸಿ.